ಅಂಕದಿಂದ ಮನೆಗೆ ವಾಪಸ್ ಬರುವ ಹುಂಜ

ಮೂರು ವರ್ಷದ ಹಿಂದೆ ನಮ್ಮ ಅಡಿಕೆ ತೋಟದಲ್ಲಿ ಅರವತ್ತು ನಾಟಿಕೋಳಿಗಳಿದ್ದವು. ಗೆದ್ದಲು, ಹುಳ ಹೆಕ್ಕಿಕೊಂಡು, ಬುಡ ಕೆದಕಿಕೊಂಡು ತಿರುಗುತ್ತಿದ್ದವು. ಮೊಟ್ಟೆಗೆ ಕಾಯಂ ಗಿರಾಕಿಗಳಿದ್ದರು. ಒಂಬತ್ತು ದಿನದಲ್ಲಿ ಅವುಗಳಲ್ಲಿ ನಲವತ್ತೊಂದು ಸತ್ತವು.

ಅದಕ್ಕೆ ಒಂದು ವಾರದ ಮೊದಲು ಪಕ್ಕದ ಊರಲ್ಲಿ ಜಾತ್ರೆ. ನಮ್ಮ ಕರಾವಳಿಯಲ್ಲಿ ಜಾತ್ರೆ, ನೇಮ ಅಂದಮೇಲೆ ಮರುದಿನ ಗದ್ದೆಯಲ್ಲಿ ಕೋಳಿ ಅಂಕ ಇರುತ್ತದೆ. ತುಳುವಿನಲ್ಲಿ ಕೋರಿ ಕಟ್ಟ, ಕುಂದಾಪುರದ ಕಡೆ ಕೋಳಿ ಪಡೆ ಅಂತಾರೆ. ಪಕ್ಕದ ಮನೆಯ ಅಣ್ಣ ತಮ್ಮ ಹುಂಜ ತಗೊಂಡು ಹೋಗಿದ್ದರು. ಗೆದ್ದು ಬಂದರು. ಕಂಕುಳಲ್ಲಿ ಗೆದ್ದ ಹುಂಜ, ಕೈಯಲ್ಲಿ ಸೋತ ಹುಂಜ. ಸೋತದ್ದು ಗೆದ್ದವನಿಗೆ, ಅದು ಅಂಕದ ನಿಯಮ. ಆ ಸಂಜೆ ಸೋತದ್ದು ಪಾತ್ರೆಗೆ ಹೋಯಿತು, ಅದರ ಪುಕ್ಕ ಮತ್ತು ಕರುಳು ಹಿತ್ತಿಲ ತೆಂಗಿನ ಬುಡಕ್ಕೆ ಹೋಯಿತು. ಗೆದ್ದದ್ದರ ಗಾಯಕ್ಕೆ ಅರಸಿನ ಹಚ್ಚಿ ನಮ್ಮ ಬೇಲಿಯ ಹತ್ತಿರ ಗೇರು ಮರಕ್ಕೆ ಕಟ್ಟಿದರು. ನಮ್ಮ ಕೋಳಿಗಳಿಗೆ ಬೇಲಿ ಗೀಲಿ ಎಲ್ಲಿ ಗೊತ್ತು? ಕರುಳು ಬಿದ್ದಲ್ಲಿಗೂ ಹೋದವು, ಗೇರು ಮರದ ಬುಡಕ್ಕೂ ಹೋದವು.

ಆರನೇ ದಿನ ಒಂದು ಹೇಂಟೆ ಮೂಲೆ ಹಿಡಿಯಿತು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು. ಮರುದಿನ ಏಳೆಂಟು. ಆಮೇಲೆ ಕುತ್ತಿಗೆ ತಿರುಚಿಕೊಂಡು ಸುತ್ತು ಹೊಡೆಯುವುದು ಶುರುವಾಯಿತು. ಪಶು ಡಾಕ್ಟ್ರು ನೋಡಿದ ಕೂಡಲೇ ಹೇಳಿದರು, ಕೊಕ್ಕರೆ ರೋಗದ ಹಾಗೆ ಕಾಣ್ತದೆ, ಲಸಿಕೆ ಹಾಕಿಸಿದ್ರಾ?

ಹಾಕಿಸಿರಲಿಲ್ಲ. ತೋಟಗಾರಿಕೆಯಲ್ಲಿ ಡಿಗ್ರಿ ಮಾಡಿದವನು ನಾನು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಳೆ ಹಿಡಿಯುವ ಮೊದಲೇ ಹೊಡೆಯಬೇಕು ಎಂದು ಊರಿಗೆಲ್ಲ ಹೇಳಿಕೊಂಡು ಬರುವವನು. ಆದರೆ ಕೋಳಿಯ ವಿಷಯಕ್ಕೆ ಬಂದಾಗ ‘ನಮ್ಮದು ಸಾವಯವ, ಲಸಿಕೆ ಎಲ್ಲ ಫಾರಂ ಕೋಳಿಗೆ’ ಎಂಬ ಹುಚ್ಚು ಹೆಮ್ಮೆ ನನ್ನಲ್ಲಿತ್ತು. ನಮ್ಮ ದೇಶದ ಸಾವಯವ ಮಾನದಂಡದಲ್ಲೇ, ಪ್ರದೇಶದಲ್ಲಿ ರೋಗ ಇದೆ ಅಥವಾ ಬರುವ ಸಂಭವ ಇದೆ, ಬೇರೆ ರೀತಿಯಲ್ಲಿ ತಡೆಯಲಾಗದು ಎಂದಾದರೆ ಲಸಿಕೆಗೆ ಅವಕಾಶ ಉಂಟು. ಓದಿದ್ದೆ, ಮರೆತಿದ್ದೆ.

ಅಣ್ಣನ ಹತ್ತಿರ ಹೋಗಿ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ, ಒಂದೇ ಪ್ರಶ್ನೆ ಕೇಳಿದರು. “ನನ್ನ ಹುಂಜ ಗಟ್ಟಿಮುಟ್ಟಾಗಿ ನಿಂತಿದೆಯಲ್ಲ ಮಾರಾಯ, ಅದರಿಂದ ನಿನ್ನ ಕೋಳಿಗೆ ಹೇಗೆ ಬರ್ತದೆ?”

ಈ ಲೇಖನ ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ. ಅಂಕದ ಹುಂಜ ಸಾಕುವವರು ನನ್ನ ಹಾಗೆ ದಡ್ಡರಲ್ಲ. ಬಾದಾಮಿ ತಿನ್ನಿಸಿ ಸಾಕಿದ ಹುಂಜಕ್ಕೆ ಲಸಿಕೆ ತಪ್ಪಿಸುವುದಿಲ್ಲ. ಆದರೆ ಕೊಕ್ಕರೆ ರೋಗದ ಲಸಿಕೆ ಕೋಳಿಯನ್ನು ಸಾವಿನಿಂದ ಕಾಪಾಡುತ್ತದೆಯೇ ಹೊರತು, ವೈರಸ್ ಒಳಗೆ ಹೋಗುವುದನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಆದ ಹುಂಜ ಅಂಕದ ಕಳದಲ್ಲಿ ಸೋಂಕು ಹತ್ತಿಸಿಕೊಂಡು, ತಾನು ಆರಾಮಾಗಿ ಕೂಗಿಕೊಂಡು, ಹಿಕ್ಕೆಯಲ್ಲಿ ಕೆಲವು ದಿನ ವೈರಸ್ ಹೊರಹಾಕಬಹುದು. ಅದರ ಪಕ್ಕದಲ್ಲಿ ಲಸಿಕೆ ಇಲ್ಲದ ಮರಿಗಳಿದ್ದರೆ ಕತೆ ಮುಗಿಯಿತು. ನಮ್ಮ ಮನೆಗೆ ರೋಗ ಬಂದದ್ದು ಗೆದ್ದ ಹುಂಜದಿಂದಲೋ, ಸೋತದ್ದರ ಕರುಳಿನಿಂದಲೋ, ಅಥವಾ ಕಾಗೆಯಿಂದಲೋ ಸಾಬೀತು ಮಾಡಲು ನನ್ನಿಂದಾಗದು. ಹತ್ತಾರು ಊರಿನ ಕೋಳಿಗಳು ಒಂದು ಗದ್ದೆಯಲ್ಲಿ ಸೇರಿ, ರಕ್ತ ಉಗುಳು ಹಂಚಿಕೊಂಡು, ಅದೇ ಸಂಜೆ ಹತ್ತಾರು ಊರಿಗೆ ವಾಪಸ್ ಹೋಗುತ್ತವೆ ಎನ್ನುವುದಕ್ಕೆ ಮಾತ್ರ ಸಾಬೀತು ಬೇಡ. ಕಣ್ಣಿಗೆ ಕಾಣುತ್ತದೆ.

ಕೊಕ್ಕರೆ ರೋಗ ಮನುಷ್ಯನಿಗೆ ದೊಡ್ಡ ಅಪಾಯ ಅಲ್ಲ. ಕೈ ತೊಳೆಯದೆ ಕಣ್ಣು ಉಜ್ಜಿಕೊಂಡರೆ ಕಣ್ಣು ಕೆಂಪಾಗಿ ಉರಿಯುತ್ತದೆ, ಕೆಲವು ದಿನದಲ್ಲಿ ವಾಸಿ. ಆದರೆ ಇದೇ ದಾರಿಯಲ್ಲಿ ಇನ್ನೊಂದು ವೈರಸ್ ಬರಬಹುದು. ಹಕ್ಕಿಜ್ವರ, ಎಚ್5ಎನ್1. ಅದು ಕೋಳಿಗೆ ಮಾತ್ರ ನಿಲ್ಲುವುದಿಲ್ಲ. 2003ರಿಂದ ಈಚೆಗೆ ಜಗತ್ತಿನಲ್ಲಿ 900ಕ್ಕಿಂತ ಹೆಚ್ಚು ಜನರಿಗೆ ಬಂದಿದೆ, ಅವರಲ್ಲಿ ಅರ್ಧದಷ್ಟು ಜನ ಸತ್ತಿದ್ದಾರೆ. ಮನುಷ್ಯನಿಂದ ಮನುಷ್ಯನಿಗೆ ಸುಲಭವಾಗಿ ಹರಡುವುದಿಲ್ಲ, ಅದೊಂದೇ ಸಮಾಧಾನ. ಬಂದವರಲ್ಲಿ ಬಹುಪಾಲು ಜನ ಕಾಯಿಲೆ ಬಿದ್ದ ಅಥವಾ ಸತ್ತ ಕೋಳಿಯನ್ನು ಹಿಡಿದವರು, ಕೊಯ್ದವರು, ಪುಕ್ಕ ಕಿತ್ತವರು.

ಇದು ದೂರದ ಸುದ್ದಿ ಅಂದುಕೊಳ್ಳಬೇಡಿ. ಭಾರತದ ಕೋಳಿಗಳಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಕೇಂದ್ರಕ್ಕೇ ಬಂತು. 2021ರಲ್ಲಿ ಹರಿಯಾಣದ ಒಬ್ಬ ಹುಡುಗ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡ, ದೇಶದಲ್ಲಿ ಮನುಷ್ಯರ ಮೊದಲ ಸಾವು. 2025ರ ಆರಂಭದಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಕೋಳಿಗಳು ಸತ್ತವು, ಆಮೇಲೆ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲೂ ಕಾಣಿಸಿತು. ಅದೇ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಮಗು ಹಕ್ಕಿಜ್ವರದಿಂದ ಸತ್ತಿತು. ಹಸಿ ಕೋಳಿಮಾಂಸದ ಚೂರನ್ನು ತಿಂದಿತ್ತು ಎಂದು ವರದಿಯಾಯಿತು. ನಮ್ಮ ಮನೆಗಳಲ್ಲಿ ಕೋಳಿ ಕೊಯ್ಯುವಾಗ ಮಕ್ಕಳು ಎಲ್ಲಿ ಕೂತಿರುತ್ತವೆ, ಒಮ್ಮೆ ನೆನಪು ಮಾಡಿಕೊಳ್ಳಿ.

ಇನ್ನು ಅಂಕದ ಕಳದಲ್ಲಿ ನಡೆಯುವುದನ್ನು ನೋಡಿ. ಹುಂಜದ ಕಾಲಿಗೆ ಬಾಳು ಕಟ್ಟುವವನ ಬೆರಳು ಗೀರಿರುತ್ತದೆ. ಸುತ್ತು ಮುಗಿದಾಗ ಬಾಯಲ್ಲಿ ನೀರು ತುಂಬಿಕೊಂಡು ಹುಂಜದ ಮುಖಕ್ಕೆ ಉಗ್ಗುತ್ತಾರೆ, ಕೊಕ್ಕಿನ ರಕ್ತವನ್ನು ಬರಿಗೈಯಲ್ಲಿ ಒರೆಸುತ್ತಾರೆ, ಅದೇ ಕೈಯಲ್ಲಿ ಬೀಡಿ ಹಚ್ಚುತ್ತಾರೆ. ಮೂಗಿನ ನೀರು, ಉಗುಳು, ರಕ್ತ, ಹಿಕ್ಕೆ, ಹಕ್ಕಿಜ್ವರ ಇರುವುದೇ ಇವುಗಳಲ್ಲಿ. ನಮ್ಮ ಕರಾವಳಿಯ ಅಂಕದಿಂದ ಯಾರಿಗೋ ಹಕ್ಕಿಜ್ವರ ಬಂತು ಎಂದು ನಾನು ಹೇಳುತ್ತಿಲ್ಲ. ಬಂದರೆ ತಡೆಯುವಂಥದ್ದು ಅಲ್ಲಿ ಏನೂ ಇಲ್ಲ ಅಷ್ಟೆ.

ಥಾಯ್ಲೆಂಡ್‌ಗೆ ಇದು ಕಷ್ಟಪಟ್ಟು ಗೊತ್ತಾಯಿತು. ಕೋಳಿ ಕಾಳಗ ಅಲ್ಲಿ ನಮ್ಮಲ್ಲಿಗಿಂತಲೂ ದೊಡ್ಡ ಸಂಪ್ರದಾಯ. 2004ರಲ್ಲಿ ಅಲ್ಲಿ 17 ಜನರಿಗೆ ಹಕ್ಕಿಜ್ವರ ಬಂದು 12 ಜನ ಸತ್ತರು. ಅವರಲ್ಲಿ ಒಬ್ಬ ಕಾಳಗದ ಹುಂಜ ಸಾಕುತ್ತಿದ್ದ 18 ವರ್ಷದ ಯುವಕ. ಸರ್ಕಾರ ಕಾಳಗಕ್ಕೂ ಹುಂಜಗಳ ಓಡಾಟಕ್ಕೂ ನಿರ್ಬಂಧ ಹಾಕಿತು. ಜನ ಏನು ಮಾಡಿದರು? ಹುಂಜಗಳನ್ನು ಬಚ್ಚಿಟ್ಟರು. ಮಗನ ಹಾಗೆ ಸಾಕಿದ್ದನ್ನು ಅಧಿಕಾರಿ ಬಂದು ಚೀಲಕ್ಕೆ ಹಾಕುತ್ತಾನೆ ಎಂದರೆ ಯಾರು ತೋರಿಸುತ್ತಾರೆ? ಕೊನೆಗೆ ಅಲ್ಲಿ ಹುಂಜಗಳಿಗೆ ಪಾಸ್‌ಪೋರ್ಟ್ ಮಾಡಿದರು. ನಗಬೇಡಿ, ನಿಜ. ಯಾವ ಹುಂಜ, ಯಾರದ್ದು, ಎಲ್ಲಿಗೆ ಹೋಗಿತ್ತು ಎಂದೆಲ್ಲ ಬರೆಯುವ ಪುಸ್ತಕ. ಅದೇ ವರ್ಷ ಮಲೇಷ್ಯಾದ ಕೆಲಾಂತಾನ್‌ನಲ್ಲಿ ಹಕ್ಕಿಜ್ವರ ಕಂಡಾಗ, ಗಡಿ ದಾಟಿ ಕದ್ದು ತಂದ ಕಾಳಗದ ಹುಂಜಗಳಿಂದಲೇ ಬಂತು ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2002–03ರಲ್ಲಿ ಕೊಕ್ಕರೆ ರೋಗ ಮೊದಲು ಕಂಡದ್ದು ಹಿತ್ತಿಲಲ್ಲಿ ಸಾಕಿದ ಕಾಳಗದ ಜಾತಿಯ ಕೋಳಿಗಳಲ್ಲಿ. ಅಲ್ಲಿಂದ ಮೊಟ್ಟೆ ಫಾರಂಗಳಿಗೆ ದಾಟಿ, ರೋಗ ನಿಲ್ಲಿಸಲು 30 ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು.

ಹುಂಜದ ಪರವಾಗಿಯೂ ಒಂದು ಮಾತು ಹೇಳಬೇಕು. ಥಾಯ್ಲೆಂಡ್‌ನಲ್ಲಿ ಆಮೇಲೆ ಲೆಕ್ಕ ಹಾಕಿ ನೋಡಿದಾಗ, ರೋಗ ಹರಡುವುದಕ್ಕೆ ಹುಂಜಗಳಿಗಿಂತ ಕಟಾವಾದ ಭತ್ತದ ಗದ್ದೆಗಳಲ್ಲಿ ಮೇಯುತ್ತ ಹೋಗುವ ಬಾತುಕೋಳಿಗಳ ಜೊತೆ ಹೆಚ್ಚು ಸಂಬಂಧ ಕಂಡಿತು. ಹಾಗಾಗಿ ಎಲ್ಲ ತಪ್ಪನ್ನೂ ಅಂಕದ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಈ ಮಾತು ಬಂದಾಗಲೆಲ್ಲ ನಮ್ಮ ಯುವಕ ಮಂಡಲದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಉತ್ತರ ಗೊತ್ತು. ‘ನೀವು ವಾರಕ್ಕೆ ಎರಡು ಸಲ ತಿನ್ನುವ ಬ್ರಾಯ್ಲರ್ ಎಲ್ಲಿ ಸುಖವಾಗಿ ಬದುಕಿತ್ತು? ನಮ್ಮ ಹುಂಜ ಎರಡು ವರ್ಷ ರಾಜನ ಹಾಗೆ ಬದುಕುತ್ತದೆ.’ ಈ ವಾದಕ್ಕೆ ತೂಕ ಉಂಟು. ಆರು ವಾರ ಶೆಡ್ಡಿನಲ್ಲಿ ಒತ್ತಿಕೊಂಡು ಬೆಳೆದು ಸಾಯುವ ಕೋಳಿಯ ಬಗ್ಗೆ ಮಾತಾಡದೆ, ಅಂಕದ ಹುಂಜಕ್ಕೆ ಮಾತ್ರ ಕಣ್ಣೀರು ಹಾಕುವ ನಗರದವರನ್ನು ಕಂಡರೆ ನನಗೂ ರೇಗುತ್ತದೆ. ದೊಡ್ಡ ಫಾರಂಗಳಿಗೂ ಹಕ್ಕಿಜ್ವರ ಬರುತ್ತದೆ, ಬಂದಾಗ ಸಾವಿರಗಟ್ಟಲೆ ಸಾಯುತ್ತವೆ. ಆದರೆ ಒಂದು ವ್ಯತ್ಯಾಸ ಉಂಟು, ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಬ್ರಾಯ್ಲರ್ ಕೋಳಿ ಶೆಡ್ಡಿನಿಂದ ಒಮ್ಮೆ ಹೊರಟರೆ ವಾಪಸ್ ಬರುವುದಿಲ್ಲ. ಅಂಕದ ಹುಂಜ ವಾಪಸ್ ಬರುತ್ತದೆ. ಹೇಂಟೆ ಮರಿಗಳಿರುವ ಹಿತ್ತಿಲಿಗೆ ಬರುತ್ತದೆ, ಮುಂದಿನ ವಾರ ಇನ್ನೊಂದು ಊರಿಗೆ ಹೋಗುತ್ತದೆ. ಮೊದಲೆಲ್ಲ ನಡೆದು ಹೋಗುವಷ್ಟು ದೂರ ಹೋಗುತ್ತಿತ್ತು. ಈಗ ಕಾರಿನ ಡಿಕ್ಕಿಯಲ್ಲಿ ಜಿಲ್ಲೆ ದಾಟುತ್ತದೆ, ಆಂಧ್ರ, ತಮಿಳುನಾಡಿನ ತಳಿಯ ಹುಂಜ ಫೋನಿನಲ್ಲೇ ಬುಕ್ ಆಗಿ ಬರುತ್ತದೆ. ಅಜ್ಜನ ಕಾಲದ ಸಂಪ್ರದಾಯ ಎನ್ನುವವರು ಅಜ್ಜನ ಕಾಲದ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗೆ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಡಿಸುವುದು ಅಪರಾಧ, ಅದಕ್ಕೆ ಜಾಗ ಕೊಡುವುದೂ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತೇ. ಕಂಬಳಕ್ಕೆ 2017ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ಕಂಬಳಕ್ಕೆ ಕೊಟ್ಟಿದ್ದಾರೆ, ಅಂಕಕ್ಕೂ ಕೊಡಲಿ’ ಎಂಬ ಬೇಡಿಕೆ ಅಲ್ಲಿಂದ ಹುಟ್ಟಿದ್ದು. ಆದರೆ ಆ ತಿದ್ದುಪಡಿ ಕಂಬಳಕ್ಕೆ ಮತ್ತು ಎತ್ತಿನ ಗಾಡಿ ಓಟಕ್ಕೆ ಮಾತ್ರ. ಓಡಿದ ಕೋಣ ಸಂಜೆ ಹಟ್ಟಿಗೆ ಬಂದು ಹುರುಳಿ ತಿನ್ನುತ್ತದೆ. ಬಾಳು ಕಟ್ಟಿದ ಹುಂಜಗಳಲ್ಲಿ ಒಂದು ಸಾಯಲೇಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಬಾಳು ಕಟ್ಟಿ, ದುಡ್ಡು ಕಟ್ಟಿ ನಡೆಸುವ ಅಂಕ ನಿಲ್ಲಬೇಕು. ನೇಮದ ಮರುದಿನ ದೈವದ ಹೆಸರಲ್ಲಿ ನಾಲ್ಕು ಜೋಡಿ ಹುಂಜ ಬಿಡುತ್ತಿದ್ದದ್ದು ಬೇರೆ, ಮೂರು ದಿನ ಶಾಮಿಯಾನ ಹಾಕಿ ಲಕ್ಷದ ಬಾಜಿ ನಡೆಸುವುದು ಬೇರೆ. ಎರಡನೆಯದಕ್ಕೆ ಮೊದಲನೆಯದರ ಹೆಸರು ಹೇಳಿ ರಕ್ಷಣೆ ಕೇಳುವುದು ದೈವಕ್ಕೂ ಮರ್ಯಾದೆ ಅಲ್ಲ. ಹಾಗೆಂದು ಅಂಕಕ್ಕೆ ಹೋಗುವವರೆಲ್ಲ ಕ್ರೂರಿಗಳು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಕುಕ್ಕುಟ ಪಂಚಾಂಗ ನೋಡಿ, ಯಾವ ದಿನ ಬೊಳ್ಳೆ, ಯಾವ ದಿನ ಉರಿಯೆ ಎಂದು ಬಣ್ಣದ ಮೇಲೆ ಗಂಟೆಗಟ್ಟಲೆ ವಾದ ಮಾಡುವ ಹಿರಿಯರಿಗೆ ಕೋಳಿಯ ಬಗ್ಗೆ ಗೊತ್ತಿರುವಷ್ಟು ನನ್ನ ಕಾಲೇಜಿನ ಮೇಷ್ಟ್ರುಗಳಿಗೂ ಗೊತ್ತಿರಲಿಲ್ಲ.

ಆದರೆ ಬರೀ ಪೊಲೀಸ್ ದಾಳಿಯಿಂದ ಆಗುವುದೇನು? ಅಂಕ ದೊಡ್ಡ ಗದ್ದೆಯಿಂದ ಗುಡ್ಡದ ಹಿಂದಕ್ಕೆ ಹೋಗುತ್ತದೆ. ದಾಳಿಯಲ್ಲಿ ಸಿಕ್ಕ ಹುಂಜಗಳನ್ನು ಒಟ್ಟಿಗೆ ತಂದು ಠಾಣೆಯ ಆವರಣದಲ್ಲಿ ಕಟ್ಟುತ್ತಾರೆ, ಕೋರ್ಟಿನ ಅನುಮತಿ ಪಡೆದು ಹರಾಜು ಹಾಕುತ್ತಾರೆ. ಅಂಕದ ಕೋಳಿಯ ಮಾಂಸಕ್ಕೆ ಇರುವ ಬೇಡಿಕೆ ಗೊತ್ತಲ್ಲ, ಒಳ್ಳೇ ರೇಟಿಗೆ ಹೋಗುತ್ತದೆ. ಹತ್ತು ಊರಿನ ಹುಂಜಗಳು ಒಂದು ಮರದ ಕೆಳಗೆ ರಾತ್ರಿ ಕಳೆದು, ಬೇರೆ ಹತ್ತು ಮನೆಗೆ ಹೋಗುತ್ತವೆ. ಅಂಕದಲ್ಲಿ ಆಗಬೇಕಾದದ್ದು ಠಾಣೆಯಲ್ಲೂ ಆಯಿತು! ಹರಾಜಿಗೆ ಮೊದಲು ಪಶು ವೈದ್ಯರು ಒಮ್ಮೆ ನೋಡಬೇಕು, ಆ ಹುಂಜಗಳು ಸಾಕುವುದಕ್ಕೆ ವಾಪಸ್ ಹಿತ್ತಿಲಿಗೆ ಹೋಗಬಾರದು ಎಂದು ನಿಯಮ ಮಾಡಿದರೆ ಯಾರ ಸಂಪ್ರದಾಯಕ್ಕೂ ಧಕ್ಕೆ ಇಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಗುಟ್ಟು. ಮಲೆನಾಡಿನವರನ್ನು ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹತ್ತಿರ ಮಂಗನ ಕಾಯಿಲೆ ಗುರುತಿಸಿದ ಮೇಲೆ, ಕಾಡಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಕೇಂದ್ರಕ್ಕೆ ಹೇಳಬೇಕು ಎನ್ನುವುದು ಅಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. ಸತ್ತ ಮಂಗ ಅಂದರೆ ಉಣುಗು ಉದುರಿದೆ, ಆ ದಾರಿಯಲ್ಲಿ ಹೋಗಬೇಡಿ ಎಂಬ ಎಚ್ಚರಿಕೆ. ಕೋಳಿಯ ವಿಷಯದಲ್ಲಿ ನಾವು ಪೂರ್ತಿ ಉಲ್ಟಾ. ಎರಡು ಕೋಳಿ ಸತ್ತರೆ ಉಳಿದದ್ದನ್ನು ಬೆಳಗಾಗುವ ಮೊದಲು ಮಾರುತ್ತೇವೆ, ಇಲ್ಲವೇ ಕೊಯ್ದು ಪದಾರ್ಥ ಮಾಡುತ್ತೇವೆ. ಅಂಕಕ್ಕೆ ಹೋದ ಕೋಳಿಯಾದರೆ ಪೊಲೀಸರ ಹೆದರಿಕೆ ಬೇರೆ, ಬಾಯಿ ಬಿಡುವುದೇ ಇಲ್ಲ.

ಹೇಳದಿದ್ದರೆ ನಷ್ಟ ನಮಗೇ. ಹಕ್ಕಿಜ್ವರ ಖಚಿತವಾದರೆ ಸುತ್ತಲಿನ ಕೋಳಿಗಳನ್ನು ಕೊಲ್ಲುತ್ತಾರೆ, ನಿಜ. ಹಾಗೆ ಕೊಂದ ಕೋಳಿಗೆ ಪರಿಹಾರ ಸಿಗುತ್ತದೆ. ಅದಕ್ಕೆ ಮೊದಲೇ ರೋಗದಿಂದ ಸತ್ತದ್ದಕ್ಕೆ ಸಿಗುವುದಿಲ್ಲ. ಮುಚ್ಚಿಟ್ಟಷ್ಟು ದಿನ ಪರಿಹಾರದ ಲೆಕ್ಕ ಕರಗುತ್ತದೆ. ಹಕ್ಕಿಜ್ವರಕ್ಕೆ ನಮ್ಮಲ್ಲಿ ಕೋಳಿಗಳಿಗೆ ಲಸಿಕೆ ಕೊಡುವ ಪದ್ಧತಿಯೂ ಇಲ್ಲ, ಬೇಗ ಗೊತ್ತಾಗುವುದೊಂದೇ ದಾರಿ. ಜುಟ್ಟು, ಗಲ್ಲದ ಜೋಲು ನೀಲಿಗಟ್ಟಿದರೆ, ಮುಖ ಊದಿದರೆ, ಕಾಲಿನ ಮೇಲೆ ರಕ್ತದ ಕಲೆ ಕಂಡರೆ, ಅಥವಾ ಲಕ್ಷಣ ಏನೂ ಇಲ್ಲದೆ ರಾತ್ರೋರಾತ್ರಿ ಹಲವು ಸತ್ತರೆ ಮುಟ್ಟಬೇಡಿ, ಕೊಯ್ಯಬೇಡಿ, ನಾಯಿಗೂ ಹಾಕಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಕೊಕ್ಕರೆ ರೋಗವೋ ಹಕ್ಕಿಜ್ವರವೋ ಎಂದು ಕಣ್ಣಲ್ಲಿ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ, ಲ್ಯಾಬ್ ಹೇಳಬೇಕು. ಸತ್ತ ಕೋಳಿ ಹಿಡಿದವರಿಗೆ ಆಮೇಲಿನ ದಿನಗಳಲ್ಲಿ ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ‘ಕೋಳಿ ಮುಟ್ಟಿದ್ದೆ’ ಎಂದು ಮೊದಲೇ ಹೇಳಬೇಕು. ನೀವು ಹೇಳದೆ ಅವರಿಗೆ ಹೊಳೆಯುವುದಿಲ್ಲ.

ಹುಂಜ ಸಾಕುವ ಗೆಳೆಯರಿಗೆ ನನ್ನ ಕೋರಿಕೆ ಒಂದೇ. ಅಂಕಕ್ಕೆ ಹೋಗುವುದು ಬಿಡುವುದು ನಿಮ್ಮ ಮನಸ್ಸು, ನಿಮ್ಮ ಕೇಸು. ಆದರೆ ಊರು ಸುತ್ತಿ ಬಂದ ಹುಂಜವನ್ನು ಮೂರು ವಾರ ಬೇರೆ ಇಡಿ. ಕೊಕ್ಕರೆ ರೋಗ ಮೈಯಲ್ಲಿ ಅಡಗಿರುವ ಅವಧಿಯನ್ನು ಅಂತಾರಾಷ್ಟ್ರೀಯ ಪ್ರಾಣಿ ಆರೋಗ್ಯ ಸಂಸ್ಥೆ 21 ದಿನ ಎಂದು ಹಿಡಿಯುತ್ತದೆ, ಅದಕ್ಕೇ ಮೂರು ವಾರ. ಅದರ ನೀರಿನ ಪಾತ್ರೆ ಬೇರೆ, ಮನೆಯ ಕೋಳಿಗಳಿಗೆ ಮೊದಲು ಆಹಾರ ಹಾಕಿ ಕೊನೆಗೆ ಅದರ ಹತ್ತಿರ ಹೋಗುವುದು. ಸೋತ ಕೋಳಿಯನ್ನು ತಂದದ್ದಾದರೆ ಪುಕ್ಕ, ಕರುಳು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಚೆನ್ನಾಗಿ ಬೆಂದ ಮಾಂಸದಲ್ಲಿ ಅಪಾಯ ಇಲ್ಲ, 70 ಡಿಗ್ರಿ ಒಳಗಿನವರೆಗೆ ಮುಟ್ಟಿದರೆ ವೈರಸ್ ಸಾಯುತ್ತದೆ. ಅಪಾಯ ಇರುವುದು ಕೊಯ್ಯುವ ಮಣೆಯ ಹತ್ತಿರ. ಜಿಲ್ಲೆಯಲ್ಲೋ ಪಕ್ಕದ ಜಿಲ್ಲೆಯಲ್ಲೋ ಹಕ್ಕಿಜ್ವರದ ಸುದ್ದಿ ಇದ್ದಾಗ ಮಾತ್ರ ಹುಂಜ ಮನೆಯಲ್ಲೇ ಇರಲಿ. ಆ ವರ್ಷ ಜಾತ್ರೆ ಸಮಿತಿಯವರೇ ಮೈಕ್‌ನಲ್ಲಿ ಹೇಳಿದರೆ ಪೊಲೀಸರು ಹೇಳಿದ್ದಕ್ಕಿಂತ ಹೆಚ್ಚು ಜನ ಕೇಳುತ್ತಾರೆ.

ನನ್ನ ಹಾಗೆ ನಾಟಿಕೋಳಿ ಬಿಟ್ಟು ಸಾಕುವವರಿಗೆ: ಮರಿ ಹುಟ್ಟಿದ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಎಫ್ ತಳಿ ಅಥವಾ ಲಸೋಟಾ, ಎಂಟನೇ ವಾರದ ಹೊತ್ತಿಗೆ ರೆಕ್ಕೆಯ ಚರ್ಮದಡಿ ಆರ್2ಬಿ. ನಡುವೆ ಲಸೋಟಾ ಇನ್ನೊಮ್ಮೆ ಕುಡಿಯುವ ನೀರಿನಲ್ಲಿ ಕೊಟ್ಟರೆ ಒಳ್ಳೇದು, ಆ ನೀರಿಗೆ ಬ್ಲೀಚಿಂಗ್ ಪೌಡರ್ ಬಿದ್ದಿರಬಾರದು. ಸೀಸೆ ನೂರು ಡೋಸಿನದ್ದು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿ ಇರುವವನು ಒಬ್ಬನೇ ತಂದರೆ ತೊಂಬತ್ತು ಡೋಸ್ ಚೆಲ್ಲಬೇಕು, ಹಾಗಾಗಿ ತರುವುದೇ ಇಲ್ಲ. ಅದಕ್ಕೆ ನಮ್ಮ ಬೈಲಿನಲ್ಲಿ ಈಗ ಎಂಟು ಮನೆಯವರು ಸೇರಿ ಒಂದೇ ದಿನ ಹಾಕುತ್ತೇವೆ. ಫ್ಲಾಸ್ಕಿನಲ್ಲಿ ಐಸ್ ಹಾಕಿ ಲಸಿಕೆ ತರುವುದು, ಕತ್ತಲಾದ ಮೇಲೆ ಕೋಳಿಗಳು ಗೂಡು ಸೇರಿದಾಗ ಹಿಡಿದು ಹಾಕುವುದು.

ಪಕ್ಕದ ಮನೆಯ ಅಣ್ಣ ಈಗಲೂ ಅಂಕಕ್ಕೆ ಹೋಗುತ್ತಾರೆ. ನಾನು ಈಗಲೂ ಬೈಯುತ್ತೇನೆ, ಅವರು ‘ನಿನ್ನ ಬ್ರಾಯ್ಲರ್ ಬಿರಿಯಾನಿ ಬಿಡು, ಆಮೇಲೆ ನೋಡುವ’ ಅಂತಾರೆ. ಆದರೆ ಹೋಗಿ ಬಂದ ಹುಂಜವನ್ನು ಹಳೇ ಹಟ್ಟಿಯಲ್ಲಿ ಕಟ್ಟಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಇಪ್ಪತ್ತೊಂದು ದಿನಕ್ಕೆ ಗುರುತು ಹಾಕುತ್ತಾರೆ. ಕೋಳಿಯನ್ನು ನೋವಾಗದ ಹಾಗೆ ಹಿಡಿದು ರೆಕ್ಕೆ ಬಿಡಿಸುವುದರಲ್ಲಿ ನಮ್ಮ ಬೈಲಿನಲ್ಲಿ ಅವರಷ್ಟು ಪಳಗಿದ ಕೈ ಇನ್ನೊಂದಿಲ್ಲ. ಬರುವ ತಿಂಗಳು ಲಸಿಕೆ ತರುವ ಪಾಳಿ ಅವರದ್ದೇ.